ತುಪ್ಪದ ಫಾರ್ವರ್ಡ್‌ಗಳ ‘ವಿಲನ್’ ಆನ್ಸೆಲ್ ಕೀಸ್ ಯಾರು? ಅವರ ಮನೆಯಲ್ಲಿ ಏನು ಬೇಯುತ್ತಿತ್ತು?

ಈ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಆನ್ಸೆಲ್ ಕೀಸ್ ಎಂಬ ಅಮೆರಿಕದ ಡಾಕ್ಟರು 22 ದೇಶಗಳ ಲೆಕ್ಕ ತೆಗೆದು, ತನಗೆ ಬೇಕಾದ 7 ದೇಶಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಚ್ಚಿಟ್ಟನಂತೆ. ಕೊಬ್ಬು ತಿಂದರೆ ಹಾರ್ಟ್ ಅಟ್ಯಾಕ್ ಎಂದು ಜಗತ್ತಿಗೇ ಸುಳ್ಳು ಹೇಳಿದನಂತೆ. ಅವನಿಂದಲೇ ನಮ್ಮ ತುಪ್ಪಕ್ಕೆ, ತೆಂಗಿನಕಾಯಿಗೆ ಕೆಟ್ಟ ಹೆಸರು ಬಂತಂತೆ, ಮಾತ್ರೆ ಕಂಪನಿಗಳು ಉದ್ಧಾರವಾದವಂತೆ. ಆದ್ದರಿಂದ ಕೊಲೆಸ್ಟ್ರಾಲ್ ಮಾತ್ರೆ ಬಿಸಾಕಿ, ಬೇಕಾದಷ್ಟು ತುಪ್ಪ ತಿನ್ನಿ ಎಂದು ಮೆಸೇಜು ಮುಗಿಯುತ್ತದೆ. ಕೊನೆಗೆ ನಾಲ್ಕು ಕೈಮುಗಿಯುವ ಎಮೋಜಿ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ.

ನಮಗೆ ಇದು ಬಂದದ್ದು ಮನೆಯ ಗ್ರೂಪಿನಲ್ಲೇ. ನಮ್ಮದು ಮದ್ದೂರಿನ ಹತ್ತಿರ, ಶಿಂಷಾ ನದಿ ದಂಡೆಯ ವೈದ್ಯನಾಥಪುರ. ತಾತನಿಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಕೈಗೆ ಒಂದು ಹಾಳೆ ಕೊಟ್ಟಿದ್ದರು. ಓಟ್ಸ್, ಬೇಯಿಸಿದ ತರಕಾರಿ, ಕೆನೆ ತೆಗೆದ ಹಾಲು, ಆಲಿವ್ ಎಣ್ಣೆ ಎಂದೆಲ್ಲ ಅದರಲ್ಲಿತ್ತು. ಅಜ್ಜಿ ಎರಡೆರಡು ಅಡುಗೆ ಶುರು ಮಾಡಿದರು. ನಮಗೆಲ್ಲ ಮುದ್ದೆ, ಸಾರು. ತಾತನಿಗೆ ಬೇರೆ ಪಾತ್ರೆಯಲ್ಲಿ ಒಗ್ಗರಣೆ ಇಲ್ಲದ, ಕಾಯಿ ಇಲ್ಲದ, ರುಚಿಯೂ ಇಲ್ಲದ ಒಂದು ಪದಾರ್ಥ. ತಾತ ಹದಿನೈದು ದಿನ ಹೇಗೋ ನುಂಗಿದರು. ಆಮೇಲೆ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ಆ ಹೊತ್ತಿಗೆ ಸರಿಯಾಗಿ ಈ ಫಾರ್ವರ್ಡ್ ಬಂತು. ತಾತ ಮಾತ್ರೆ ನಿಲ್ಲಿಸಿದ್ದಾರೆ ಎಂದು ನಮಗೆ ಗೊತ್ತಾಗಲು ನಾಲ್ಕು ದಿನ ಬೇಕಾಯಿತು.

ಹಾಗಾಗಿ ಈ ಕೀಸ್ ಯಾರು ಎಂದು ಹುಡುಕಿ ಓದಿದೆವು. ಮೆಸೇಜಿನಲ್ಲಿರುವ ಮನುಷ್ಯನಿಗೂ ನಿಜವಾಗಿ ಬದುಕಿದ್ದ ಮನುಷ್ಯನಿಗೂ ಬಹಳ ದೂರ. ಇನ್ನೊಂದು ವಿಷಯವೂ ಸಿಕ್ಕಿತು. ಅಜ್ಜಿಯ ಎರಡು ಅಡುಗೆಯ ಕಷ್ಟಕ್ಕೆ ಕೀಸ್ ದಂಪತಿ ಅರವತ್ತು ವರ್ಷಕ್ಕೂ ಹಿಂದೆಯೇ ಒಂದು ದಾರಿ ಹುಡುಕಿದ್ದರು.

ಬಾವಲಿ ಹಿಕ್ಕೆ ಬಾಚಿದ ಹುಡುಗ

ಕೀಸ್ ಹುಟ್ಟಿದ್ದು 1904ರ ಜನವರಿ 26ರಂದು, ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಮನೆಯವರು ಕ್ಯಾಲಿಫೋರ್ನಿಯಾಗೆ ಬಂದರು. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ ಪಕ್ಕದ ಬರ್ಕ್ಲಿಯಲ್ಲಿ ನೆಲೆಸಿದರು. ಮೂಕಿ ಸಿನಿಮಾಗಳ ಹೆಸರಾಂತ ನಟ ಲಾನ್ ಚೇನಿ ಇವರ ಸೋದರಮಾವ. ಹುಡುಗ ಓದಿನಲ್ಲಿ ಬಲು ಚುರುಕು, ಆದರೆ ಒಂದು ಕಡೆ ಕೂರುವವನಲ್ಲ. ಹೈಸ್ಕೂಲಿನ ದಿನಗಳಲ್ಲೇ ಮನೆ ಬಿಟ್ಟು ಹೋಗಿ ಮರ ಕಡಿಯುವ ಕ್ಯಾಂಪಿನಲ್ಲಿ ದುಡಿದ, ಅರಿಜೋನಾದ ಗುಹೆಯಲ್ಲಿ ಗೊಬ್ಬರಕ್ಕಾಗಿ ಬಾವಲಿ ಹಿಕ್ಕೆ ಬಾಚಿದ, ಗಣಿಯಲ್ಲಿ ಸಿಡಿಮದ್ದು ಹೊತ್ತ. ಕಾಲೇಜಿನ ನಡುವೆ ಚೀನಾಗೆ ಹೊರಟ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸವನ್ನೂ ಮಾಡಿದ.

ಮೊದಲು ಓದಿದ್ದು ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ. ಆಮೇಲೆ ಪ್ರಾಣಿಶಾಸ್ತ್ರ. 1930ರಲ್ಲಿ ಡಾಕ್ಟರೇಟ್ ಬಂದದ್ದು ಕ್ಯಾಲಿಫೋರ್ನಿಯಾ ಕಡಲ ತೀರದ ಸ್ಕ್ರಿಪ್ಸ್ ಸಂಸ್ಥೆಯಿಂದ, ಮೀನುಗಳ ಮೇಲಿನ ಕೆಲಸಕ್ಕೆ. ಅಲ್ಲಿಂದ ಡೆನ್ಮಾರ್ಕಿಗೆ ಹೋಗಿ ನೊಬೆಲ್ ಪಡೆದಿದ್ದ ಆಗಸ್ಟ್ ಕ್ರೋಗ್ ಅವರ ಬಳಿ ದುಡಿದರು, ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ದೇಹಕ್ರಿಯೆಯ ಅಧ್ಯಯನ. ಇಲ್ಲೊಂದು ಸಣ್ಣ ತಿದ್ದುಪಡಿ: ಫಾರ್ವರ್ಡ್‌ನಲ್ಲಿ ಕೀಸ್ ಡಾಕ್ಟರು ಎಂದಿದೆಯಲ್ಲ, ಅವರು ವೈದ್ಯರಲ್ಲ. ರೋಗಿಗಳಿಗೆ ಚೀಟಿ ಬರೆದುಕೊಟ್ಟವರಲ್ಲ. ಮನುಷ್ಯನ ದೇಹ ಬೇರೆ ಬೇರೆ ಪರಿಸ್ಥಿತಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅಳೆದವರು. 1935ರಲ್ಲಿ ಚಿಲಿ ದೇಶದ ಆಂಡಿಸ್ ಬೆಟ್ಟಗಳಿಗೆ ಹೋದ ತಂಡದಲ್ಲಿದ್ದರು. ಉಸಿರಾಡುವುದೇ ಕಷ್ಟವಾಗುವ ಎತ್ತರದಲ್ಲಿ ತಮ್ಮದೇ ರಕ್ತ ತೆಗೆದು ಪರೀಕ್ಷಿಸಿಕೊಂಡರು.

1936ರಲ್ಲಿ ಮೇಯೊ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದರು. ಅಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ ಮಾರ್ಗರೆಟ್ ಹೇನಿ 1939ರಲ್ಲಿ ಅವರ ಹೆಂಡತಿಯಾದರು. ಈ ಹೆಸರು ನೆನಪಿರಲಿ. ಕೀಸ್ ಕಥೆ ಹೇಳುವವರು ಮಾರ್ಗರೆಟ್ ಅವರನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಪ್ರಕಾರ ಅರ್ಧ ಕಥೆ ಅವರದೇ.

ಹಸಿವಿನ ಪಾಠ

ಕೀಸ್ ಅವರ ಪ್ರಯೋಗಾಲಯ ಇದ್ದದ್ದು ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂ ಕೆಳಗಿನ ಕೋಣೆಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಜೇಬಿನಲ್ಲಿ ಒಯ್ಯಬಹುದಾದ ಊಟದ ಪೊಟ್ಟಣ ಬೇಕೆಂದು ಸೇನೆ ಕೇಳಿತು. ಕೀಸ್ ಗಟ್ಟಿ ಬಿಸ್ಕತ್ತು, ಒಣ ಮಾಂಸ, ಚಾಕೊಲೇಟ್ ಜೋಡಿಸಿ ಒಂದನ್ನು ರೂಪಿಸಿದರು. ‘ಕೆ ರೇಷನ್’ ಎಂದು ಹೆಸರಾದದ್ದು ಇದೇ.

ಇದೇ ಯುದ್ಧದ ಕೊನೆಯಲ್ಲಿ ಅವರು ಮಾಡಿದ ಇನ್ನೊಂದು ಕೆಲಸ, ಡಯಟ್ ಮಾಡುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಯೂರೋಪಿನಲ್ಲಿ ಲಕ್ಷಾಂತರ ಜನ ಉಪವಾಸ ಬಿದ್ದಿದ್ದರು. ಅವರಿಗೆ ಮತ್ತೆ ಹೇಗೆ ಉಣಿಸಬೇಕು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ತಿಳಿಯಲು 1944ರ ನವೆಂಬರಿನಲ್ಲಿ 36 ಯುವಕರು ಸ್ವಯಂಪ್ರೇರಿತರಾಗಿ ಬಂದರು. ಇವರೆಲ್ಲ ಯುದ್ಧ ಮಾಡಲು ಒಪ್ಪದೆ ಬೇರೆ ಸೇವೆ ಆಯ್ದುಕೊಂಡವರು. ಮೊದಲು ಮೂರು ತಿಂಗಳು ಸಾಮಾನ್ಯ ಊಟ. ಆಮೇಲೆ ಆರು ತಿಂಗಳು ಅದರ ಅರ್ಧದಷ್ಟು, ಅಂದರೆ ದಿನಕ್ಕೆ ಸುಮಾರು 1,600 ಕ್ಯಾಲರಿ. ಆಲೂಗಡ್ಡೆ, ಎಲೆಕೋಸು, ಬ್ರೆಡ್ ಇಂಥದ್ದೇ ಊಟ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ.

ದೇಹದ ತೂಕ ಸುಮಾರು ಕಾಲು ಭಾಗ ಇಳಿಯಿತು. ಅದು ನಿರೀಕ್ಷೆಯಂತೆಯೇ. ಅಚ್ಚರಿ ಇದ್ದದ್ದು ಮನಸ್ಸಿನ ಕಡೆ. ಆ ಯುವಕರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರುತ್ತಿರಲಿಲ್ಲ. ಕೆಲವರು ಅಡುಗೆ ಪುಸ್ತಕ ಸಂಗ್ರಹಿಸತೊಡಗಿದರು. ತಟ್ಟೆ ನೆಕ್ಕುವುದು, ಸಿಡುಕುವುದು, ಯಾರೊಂದಿಗೂ ಬೆರೆಯದೆ ಮೂಲೆ ಸೇರುವುದು ಶುರುವಾಯಿತು. ಇದರ ದಾಖಲೆ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂತು. ಇಂದಿಗೂ ತಿನ್ನುವ ಕಾಯಿಲೆಗಳ ಚಿಕಿತ್ಸೆಯಲ್ಲಿ ಅದನ್ನು ತೆಗೆದು ನೋಡುತ್ತಾರೆ.

ಓದುತ್ತಾ ನಮಗೆ ತಾತನೇ ಕಣ್ಣಿಗೆ ಬಂದರು. ಅವರದು ಹಸಿವಿನ ಪ್ರಯೋಗವಲ್ಲ, ಕ್ಯಾಲರಿ ಕಡಿಮೆಯೂ ಇರಲಿಲ್ಲ. ಆದರೂ ಇಷ್ಟದ ಊಟವನ್ನು ಕಣ್ಣೆದುರೇ ಇನ್ನೊಬ್ಬರ ತಟ್ಟೆಯಲ್ಲಿ ನೋಡುತ್ತಾ ದಿನಕ್ಕೆ ಮೂರು ಹೊತ್ತು ಕೂರುವುದು ಸಣ್ಣ ಶಿಕ್ಷೆಯಲ್ಲ.

ನೇಪಲ್ಸ್‌ಗೆ ಪಯಣ

ಯುದ್ಧ ಮುಗಿದ ಮೇಲೆ ಕೀಸ್ ಗಮನ ಹೃದಯಾಘಾತದ ಕಡೆ ತಿರುಗಿತು. ಅಮೆರಿಕದಲ್ಲಿ ಚೆನ್ನಾಗಿ ಉಂಡುಟ್ಟು ಇದ್ದ ನಡುವಯಸ್ಸಿನ ಗಂಡಸರು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದರು. ಮಿನೆಸೋಟದ ವ್ಯಾಪಾರಸ್ಥರು, ಅಧಿಕಾರಿಗಳ ಒಂದು ಗುಂಪನ್ನು 1940ರ ದಶಕದ ಕೊನೆಯಿಂದಲೇ ವರ್ಷ ವರ್ಷ ಪರೀಕ್ಷಿಸತೊಡಗಿದರು. 1951ರಲ್ಲಿ ರೋಮ್‌ನ ಒಂದು ಸಭೆಯಲ್ಲಿ ನೇಪಲ್ಸ್‌ನ ಪ್ರೊಫೆಸರ್ ಒಬ್ಬರು ತಮ್ಮ ಊರಿನಲ್ಲಿ ಈ ಕಾಯಿಲೆ ಸಮಸ್ಯೆಯೇ ಅಲ್ಲ ಎಂದರು. ಕೀಸ್ ನಂಬಲಿಲ್ಲ, ಬಂದು ನೋಡಿ ಎಂದು ಅವರು ಕರೆದರು.

1952ರ ಆರಂಭದಲ್ಲಿ ಗಂಡ ಹೆಂಡತಿ ನೇಪಲ್ಸ್‌ಗೆ ಹೋದರು. ಕೊಲೆಸ್ಟ್ರಾಲ್ ಅಳೆದವರು ಮಾರ್ಗರೆಟ್. ಉಪಕರಣ ಹೊತ್ತು ತಂದು, ಸಿಕ್ಕ ಜಾಗದಲ್ಲಿ ಲ್ಯಾಬ್ ಹೂಡಿ, ದುಡಿಯುವ ಜನರ ರಕ್ತ ಪರೀಕ್ಷಿಸಿದರು. ಅಮೆರಿಕದವರಿಗಿಂತ ಬಹಳ ಕಡಿಮೆ ಬಂತು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಹೃದಯಾಘಾತದ ರೋಗಿಗಳೇ ಅಪರೂಪ. ಆದರೆ ಶ್ರೀಮಂತರ ಖಾಸಗಿ ಆಸ್ಪತ್ರೆಗಳಲ್ಲಿ ಅಂಥ ರೋಗಿಗಳಿದ್ದರು. ಒಂದೇ ಊರು, ಒಂದೇ ಗಾಳಿ, ಒಂದೇ ರಕ್ತ. ಬೇರೆಯಾಗಿದ್ದದ್ದು ಊಟ ಮತ್ತು ದುಡಿಮೆ. ಬಡವರ ಮನೆಯಲ್ಲಿ ಪಾಸ್ತಾ, ಬ್ರೆಡ್, ಕಾಳು, ಸೊಪ್ಪು, ಸ್ವಲ್ಪ ಆಲಿವ್ ಎಣ್ಣೆ. ಮಾಂಸ ವಾರಕ್ಕೊಮ್ಮೆ ಇದ್ದರೆ ಇತ್ತು. ಸ್ಪೇನಿನ ಮ್ಯಾಡ್ರಿಡ್‌ನಲ್ಲೂ ಬಡವರ ಬಡಾವಣೆ ಮತ್ತು ಸಿರಿವಂತರ ನಡುವೆ ಇದೇ ಅಂತರ ಕಂಡಿತು.

ಹಾಗಾದರೆ 22 ದೇಶ, 7 ದೇಶದ ಕಥೆ?

ಫಾರ್ವರ್ಡ್‌ನ ಗಂಟು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಬಿಡಿಸೋಣ.

1953ರಲ್ಲಿ ಕೀಸ್ ಒಂದು ಲೇಖನದಲ್ಲಿ 6 ದೇಶಗಳ ನಕ್ಷೆ ಹಾಕಿದರು. ಆಹಾರದಲ್ಲಿ ಕೊಬ್ಬು ಹೆಚ್ಚಿದಂತೆ ಹೃದ್ರೋಗದ ಸಾವೂ ಹೆಚ್ಚುವ ಗೆರೆ ಅದು. ಒಂದು ತುದಿಯಲ್ಲಿ ಜಪಾನ್, ಇನ್ನೊಂದು ತುದಿಯಲ್ಲಿ ಅಮೆರಿಕ. 1955ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಈ ವಾದ ಮಂಡಿಸಿದಾಗ ಬೇರೆ ವಿಜ್ಞಾನಿಗಳು ಗಟ್ಟಿ ಸಾಕ್ಷ್ಯ ಕೇಳಿ ಚೆನ್ನಾಗಿ ಜಾಡಿಸಿದರು. 1957ರಲ್ಲಿ ಯೆರುಶಾಲ್ಮಿ ಮತ್ತು ಹಿಲ್ಲೆಬೋ ಎಂಬಿಬ್ಬರು, ಅಂಕಿಅಂಶ ಸಿಗುವ ದೇಶಗಳು 22 ಇರುವಾಗ 6 ಮಾತ್ರ ಏಕೆ ಎಂದು ಪ್ರಶ್ನಿಸಿದರು. ಈ ಟೀಕೆ ಸರಿಯಾಗಿಯೇ ಇತ್ತು. 22 ದೇಶ ಹಾಕಿದರೆ ಆ ಸಂಬಂಧ ಸಡಿಲವಾಗುತ್ತದೆ. ಆದರೆ ಅಳಿಸಿಹೋಗುವುದಿಲ್ಲ. ಇದು ಫಾರ್ವರ್ಡ್ ಬಿಟ್ಟುಬಿಟ್ಟ ಮಾತು.

ಇನ್ನು 7 ದೇಶಗಳದು ಬೇರೆಯೇ ಕೆಲಸ. ಟೀಕೆಯ ನಂತರ, 1958ರಲ್ಲಿ ಶುರುವಾದದ್ದು. ಪುಸ್ತಕದ ಅಂಕಿಯಿಂದ ಏನೂ ಸಾಬೀತಾಗದು ಎಂದು ಗೊತ್ತಾದ ಮೇಲೆ ಕೀಸ್ ಮತ್ತು ಅವರ ಜೊತೆಗಾರರು ಹಳ್ಳಿಗಳಿಗೇ ಹೋದರು. ಅಮೆರಿಕ, ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ಇಟಲಿ, ಯುಗೊಸ್ಲಾವಿಯ, ಗ್ರೀಸ್, ಜಪಾನ್‌ಗಳ 16 ಗುಂಪುಗಳಲ್ಲಿ 40ರಿಂದ 59 ವಯಸ್ಸಿನ 12,763 ಗಂಡಸರನ್ನು ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿದರು. 22 ದೇಶಗಳಲ್ಲಿ ಹೀಗೆ ಪರೀಕ್ಷಿಸಿ 15ನ್ನು ಬಚ್ಚಿಟ್ಟರು ಎನ್ನುವುದು ನಡೆಯದೇ ಇರುವ ಸಂಗತಿ. 6 ದೇಶದ ನಕ್ಷೆಯ ಮೇಲಿನ ಟೀಕೆಯನ್ನು ತೆಗೆದು 7 ದೇಶದ ಅಧ್ಯಯನಕ್ಕೆ ಅಂಟಿಸಿದ್ದಾರೆ, ಅಷ್ಟೇ.

ಹಾಗೆಂದು ಆ ಅಧ್ಯಯನದಲ್ಲಿ ತಪ್ಪೇ ಇಲ್ಲವೆಂದಲ್ಲ. ದೇಶಗಳನ್ನು ಚೀಟಿ ಎತ್ತಿ ಆರಿಸಲಿಲ್ಲ. ಎಲ್ಲಿ ಕೆಲಸ ಮಾಡಲು ಸಾಧ್ಯವೋ, ಎಲ್ಲಿ ಊಟದಲ್ಲಿ ವ್ಯತ್ಯಾಸ ಇದೆಯೋ ಅಲ್ಲಿಗೆ ಹೋದರು. ಫ್ರಾನ್ಸ್ ಇಲ್ಲ, ಭಾರತ ಇಲ್ಲ, ಹೆಂಗಸರು ಒಬ್ಬರೂ ಇಲ್ಲ. ಊಟದ ವಿವರವನ್ನು ವಿವರವಾಗಿ ಅಳೆದದ್ದು ಕೆಲವರಲ್ಲಿ ಮಾತ್ರ. ಸಕ್ಕರೆಯೇ ಮುಖ್ಯ ಅಪರಾಧಿ ಎಂದ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರನ್ನು ಕೀಸ್ ಬಹಳ ಒರಟಾಗಿ ತಳ್ಳಿಹಾಕಿದರು. ಮನುಷ್ಯ ಜಗಳಗಂಟ, ಸೋಲೊಪ್ಪುವವರಲ್ಲ. ಅವರ ಮೇಲೆ ಇಷ್ಟು ಕಥೆ ಹುಟ್ಟಲು ಅವರ ನಾಲಿಗೆಯೂ ಒಂದು ಕಾರಣ ಎಂದು ನಮಗೆ ಅನ್ನಿಸುತ್ತದೆ.

ಕ್ರೀಟ್ ದ್ವೀಪ ಕೊಟ್ಟ ಏಟು

ಏಳು ದೇಶಗಳ ಅಧ್ಯಯನದಲ್ಲಿ ಕಂಡದ್ದೇನು? ಹೃದ್ರೋಗದ ಸಾವು ಅತಿ ಹೆಚ್ಚು ಇದ್ದದ್ದು ಪೂರ್ವ ಫಿನ್‌ಲ್ಯಾಂಡಿನಲ್ಲಿ. ಅಲ್ಲಿ ಬೆಣ್ಣೆ, ಗಟ್ಟಿ ಹಾಲು ಧಾರಾಳ. ಅತಿ ಕಡಿಮೆ ಇದ್ದ ಕಡೆಗಳಲ್ಲಿ ಒಂದು ಗ್ರೀಸ್‌ನ ಕ್ರೀಟ್ ದ್ವೀಪ. ಆದರೆ ಕ್ರೀಟ್‌ನವರ ಊಟದ ಒಟ್ಟು ಶಕ್ತಿಯಲ್ಲಿ ಸುಮಾರು 40 ಭಾಗ ಕೊಬ್ಬಿನಿಂದಲೇ ಬರುತ್ತಿತ್ತು. ಫಿನ್‌ಲ್ಯಾಂಡಿನವರದೂ ಹೆಚ್ಚು ಕಡಿಮೆ ಅಷ್ಟೇ. ಕೊಬ್ಬಿನ ಪ್ರಮಾಣ ಒಂದೇ, ಗತಿ ಬೇರೆ. ಕ್ರೀಟ್‌ನದು ಆಲಿವ್ ಎಣ್ಣೆ, ಫಿನ್‌ಲ್ಯಾಂಡಿನದು ಬೆಣ್ಣೆ.

ಇಲ್ಲಿಗೆ ಒಟ್ಟು ಕೊಬ್ಬು ಎಷ್ಟು ಎಂಬ ಹಳೆಯ ಪ್ರಶ್ನೆ ಹಿಂದೆ ಸರಿದು, ಯಾವ ಕೊಬ್ಬು ಎಂಬುದು ಮುಂದೆ ಬಂತು. ಇದಕ್ಕೆ ಜೊತೆಯಾಗಿ ಮಿನೆಸೋಟದ ಆಸ್ಪತ್ರೆಯೊಂದರಲ್ಲಿ ಊಟವನ್ನು ಅಳೆದು ಕೊಟ್ಟು ರಕ್ತ ನೋಡಿದ ಪ್ರಯೋಗಗಳೂ ನಡೆದವು. ಬೆಣ್ಣೆ, ಮಾಂಸದ ಕೊಬ್ಬಿನಂಥ ಹೆಪ್ಪುಗಟ್ಟುವ ಸ್ಯಾಚುರೇಟೆಡ್ ಕೊಬ್ಬು ಕೊಲೆಸ್ಟ್ರಾಲ್ ಏರಿಸುತ್ತದೆ, ದ್ರವರೂಪದ ಬೀಜದ ಎಣ್ಣೆಗಳು ಇಳಿಸುತ್ತವೆ ಎಂದು ಅವು ತೋರಿಸಿದವು. ಇನ್ನೊಂದು ಸೋಜಿಗ: ಮೊಟ್ಟೆ ಕೆಟ್ಟದ್ದೆಂದು ಹೇಳಿದ್ದು ಕೀಸ್ ಎಂದು ಕೆಲವು ಫಾರ್ವರ್ಡ್‌ಗಳಲ್ಲಿದೆ. ಆಹಾರದಲ್ಲಿರುವ ಕೊಲೆಸ್ಟ್ರಾಲಿನ ಪರಿಣಾಮ, ಕೊಬ್ಬಿನ ಬಗೆಯ ಪರಿಣಾಮಕ್ಕೆ ಹೋಲಿಸಿದರೆ ಸಣ್ಣದು ಎಂದು 1950ರ ದಶಕದಲ್ಲೇ ಹೇಳಿದವರು ಅವರು.

ಅವರ ವಾದಕ್ಕೆ ಹೊಂದದ ಫಲಿತಾಂಶವೂ ಬಂದಿದೆ. 1968ರಿಂದ 1973ರವರೆಗೆ ಮಿನೆಸೋಟದ ಮಾನಸಿಕ ಆಸ್ಪತ್ರೆಗಳಲ್ಲಿ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧ ಜನರಿಗೆ ಸ್ಯಾಚುರೇಟೆಡ್ ಕೊಬ್ಬಿನ ಬದಲು ಜೋಳದ ಎಣ್ಣೆ ಕೊಟ್ಟರು. ಮುಖ್ಯಸ್ಥರು ಐವನ್ ಫ್ರಾಂಟ್ಸ್, ಕೀಸ್ ಕೂಡ ಜೊತೆಗಿದ್ದರು. ಕೊಲೆಸ್ಟ್ರಾಲ್ ಇಳಿಯಿತು, ಸಾವು ಇಳಿಯಲಿಲ್ಲ. ಮುಖ್ಯ ವರದಿ ಅಚ್ಚಾಗಲು 1989ರವರೆಗೆ ಕಾಯಬೇಕಾಯಿತು. ಹಳೆಯ ಕಡತ ಹುಡುಕಿ ಮತ್ತೆ ಲೆಕ್ಕ ಹಾಕಿದ ಲೇಖನ 2016ರಲ್ಲಿ ಬಂತು. ಫಾರ್ವರ್ಡ್ ಬರೆದವರಿಗೆ ಇದು ಸಿಕ್ಕಿದ್ದರೆ ಅವರ ವಾದಕ್ಕೆ ಇನ್ನಷ್ಟು ಬಲ ಬರುತ್ತಿತ್ತು, ಪಾಪ. ಆದರೆ ಅನೇಕರು ಆ ಊಟದಲ್ಲಿ ಇದ್ದದ್ದು ಒಂದು ವರ್ಷಕ್ಕಿಂತ ಕಡಿಮೆ. ಬೇರೆ ಪ್ರಯೋಗಗಳನ್ನೂ ಸೇರಿಸಿ ನೋಡಿದಾಗ, ಬೆಣ್ಣೆ ತುಪ್ಪದಂಥ ಕೊಬ್ಬನ್ನು ಕಡಿಮೆ ಮಾಡಿ ದ್ರವ ಎಣ್ಣೆಗೆ ಬದಲಾಯಿಸಿದರೆ ಹೃದ್ರೋಗ ಒಂದಿಷ್ಟು ಇಳಿಯುತ್ತದೆ ಎಂಬುದೇ ಇಂದಿಗೂ ವೈದ್ಯರ ಬಹುಮತ. ಕೊಲೆಸ್ಟ್ರಾಲ್ ಮಾತ್ರೆಗಳ ವಿಷಯವಂತೂ ಬೇರೆಯೇ. ಅವುಗಳ ಪರೀಕ್ಷೆ ಪ್ರತ್ಯೇಕವಾಗಿ, ಬಹಳ ದೊಡ್ಡದಾಗಿ ನಡೆದಿದೆ. ಕೀಸ್ ಸರಿಯೋ ತಪ್ಪೋ ಎನ್ನುವುದರ ಮೇಲೆ ಅವು ನಿಂತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ತಾತ ನಿಲ್ಲಿಸಿದ್ದು ಕೊಲೆಸ್ಟ್ರಾಲ್ ಮಾತ್ರೆ ಒಂದನ್ನೇ ಅಲ್ಲ, ಡಬ್ಬಿಯಲ್ಲಿದ್ದ ಎಲ್ಲವನ್ನೂ.

ಮಾರ್ಗರೆಟ್ ಅವರ ಅಡುಗೆಮನೆ

ಈಗ ನಮಗೆ ಬೇಕಾದ ಜಾಗಕ್ಕೆ ಬಂದೆವು. 1959ರಲ್ಲಿ ಆನ್ಸೆಲ್ ಮತ್ತು ಮಾರ್ಗರೆಟ್ ಸೇರಿ ಒಂದು ಪುಸ್ತಕ ತಂದರು: ‘ಈಟ್ ವೆಲ್ ಅಂಡ್ ಸ್ಟೇ ವೆಲ್’. ಅರ್ಧ ವಿಜ್ಞಾನ, ಅರ್ಧ ಅಡುಗೆ. ಭರ್ಜರಿಯಾಗಿ ಮಾರಾಟವಾಯಿತು. 1961ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಕೀಸ್ ಚಿತ್ರ ಬಂತು.

ಅದರಲ್ಲಿ ಹೇಳಿದ್ದು ಇಷ್ಟು: ಮೈ ಬೆಳೆಸಬೇಡಿ, ಬೆಣ್ಣೆ ಮತ್ತು ಮಾಂಸದ ಕೊಬ್ಬು ಕಡಿಮೆ ಮಾಡಿ, ಒಟ್ಟು ಕೊಬ್ಬು ಊಟದ ಶಕ್ತಿಯ 30 ಭಾಗ ದಾಟದಿರಲಿ, ತರಕಾರಿ ಹಣ್ಣು ಹೆಚ್ಚಿಸಿ, ಉಪ್ಪು ಸಕ್ಕರೆಗೆ ಮಿತಿ ಇರಲಿ, ಮೈ ಬಗ್ಗಿಸಿ ದುಡಿಯಿರಿ. ಸಕ್ಕರೆಗೆ ಮಿತಿ ಎಂಬುದನ್ನು ಗಮನಿಸಿ. ಮುಂದೆ ಅಮೆರಿಕದ ಕಂಪನಿಗಳು ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ, ಮೈದಾ ತುಂಬಿ ‘ಲೋ ಫ್ಯಾಟ್’ ಎಂದು ಬರೆದು ಮಾರಿದವು. ಆ ಬಿಸ್ಕತ್ತು ಇಂದು ಮದ್ದೂರಿನ ಬೇಕರಿಯಲ್ಲೂ ಸಿಗುತ್ತದೆ. ಅದು ಕೀಸ್ ದಂಪತಿಯ ಪುಸ್ತಕದ ಊಟವಲ್ಲ.

ಪುಸ್ತಕದ ನಿಜವಾದ ಹೊಸತನ ಅಂಕಿಯಲ್ಲಿ ಇರಲಿಲ್ಲ. ಅದು ರೋಗಿಯ ಪಥ್ಯದ ಪುಸ್ತಕ ಆಗಿರಲಿಲ್ಲ. ಮೂರು ಮಕ್ಕಳಿದ್ದ ಮನೆಯಲ್ಲಿ, ಎಲ್ಲರೂ ಒಂದೇ ಮೇಜಿನಲ್ಲಿ ಒಂದೇ ಅಡುಗೆ ಉಣ್ಣುವುದು ಹೇಗೆ ಎಂದು ಮಾರ್ಗರೆಟ್ ಮಾಡಿ ನೋಡಿದ ಅಡುಗೆಗಳು ಅಲ್ಲಿದ್ದವು. ಬೆಣ್ಣೆ ಸುರಿಯುವ ಕಡೆ ಎಣ್ಣೆ ಅಳೆದು ಹಾಕಿ, ಗೋಡಂಬಿ ಕೆನೆಯ ಶ್ರೀಮಂತಿಕೆ ಇಲ್ಲದ ಕಡೆ ಬೆಳ್ಳುಳ್ಳಿ, ಮಸಾಲೆ ಸೊಪ್ಪಿನಿಂದ ರುಚಿ ತರುವುದು. ಮಾಂಸವನ್ನು ಬಿಡಲಿಲ್ಲ, ಊಟದ ನಡುವಿನಿಂದ ಅಂಚಿಗೆ ಸರಿಸಿದರು. 1967ರಲ್ಲಿ ದಂಪತಿಯ ಇನ್ನೊಂದು ಪುಸ್ತಕ ಬಂತು, ಅದು ಪೂರ್ತಿ ಕಾಳುಗಳ ಬಗ್ಗೆ. ಹುರುಳಿ, ಅವರೆ, ಅಲಸಂದೆ ತಿಂದು ಬೆಳೆದ ನಮಗೆ ಅಮೆರಿಕದ ವಿಜ್ಞಾನಿಯೊಬ್ಬರು ಕಾಳು ತಿನ್ನಿ ಎಂದು ಪುಸ್ತಕ ಬರೆಯಬೇಕಾಯಿತೇ ಎಂದು ನಗು ಬಂತು. 1975ರಲ್ಲಿ ಮೊದಲ ಪುಸ್ತಕವೇ ಮೆಡಿಟರೇನಿಯನ್ ಊಟದ ಹೆಸರಿನಲ್ಲಿ ಹೊಸದಾಗಿ ಬಂತು.

ನಡುವೆ 1972ರಲ್ಲಿ ಇನ್ನೊಂದು ಸಣ್ಣ ಕೆಲಸ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಹಳೆಯ ಲೆಕ್ಕವೊಂದಿತ್ತು, ಬೆಲ್ಜಿಯಂನ ಕೆಟೆಲೆ ಎಂಬವರದು. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟದ್ದು ಕೀಸ್ ಮತ್ತು ಜೊತೆಗಾರರು. ಇಂದು ಪ್ರತಿ ಆಸ್ಪತ್ರೆಯ ಚೀಟಿಯಲ್ಲೂ ಬರೆಯುವ ಬಿಎಂಐ ಇದೇ.

ನಿವೃತ್ತಿಯ ನಂತರ ಇಬ್ಬರೂ ವರ್ಷದ ಬಹುಪಾಲು ಕಳೆದದ್ದು ನೇಪಲ್ಸ್‌ನ ದಕ್ಷಿಣಕ್ಕಿರುವ ಪಿಯೊಪ್ಪಿ ಎಂಬ ಮೀನುಗಾರರ ಹಳ್ಳಿಯಲ್ಲಿ. ಕಡಲು ಕಾಣುವ ಮನೆ, ಹಿತ್ತಲಲ್ಲಿ ತರಕಾರಿ, ಹಣ್ಣಿನ ಗಿಡ. ಅಲ್ಲಿ ಅವರು ಡಯಟ್ ಮಾಡುತ್ತಿರಲಿಲ್ಲ. ಊರಿನವರು ಉಣ್ಣುವುದನ್ನೇ ಉಣ್ಣುತ್ತಿದ್ದರು. ಆನ್ಸೆಲ್ ಕೀಸ್ ತೀರಿಕೊಂಡದ್ದು 2004ರ ನವೆಂಬರ್ 20ರಂದು, 101 ತುಂಬಲು ಎರಡು ತಿಂಗಳಿದ್ದಾಗ. ಮಾರ್ಗರೆಟ್ 2006ರಲ್ಲಿ ಹೋದರು. ನೂರು ವರ್ಷ ಬದುಕಿದ್ದೇ ಅವರ ವಾದಕ್ಕೆ ಸಾಕ್ಷಿ ಎಂದು ಹೇಳುವ ಫಾರ್ವರ್ಡ್ ಕೂಡ ಇದೆ. ಅದೂ ಅಷ್ಟೇ ಪೊಳ್ಳು. ಒಬ್ಬರ ಆಯಸ್ಸಿನಿಂದ ಏನೂ ಸಾಬೀತಾಗುವುದಿಲ್ಲ.

ನಮ್ಮ ಒಲೆಗೆ ಇದನ್ನು ತರುವುದು

ಪಿಯೊಪ್ಪಿಯ ಊಟ ಮದ್ದೂರಿಗೆ ಬೇಕಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಕೊಬ್ಬು 2 ಗ್ರಾಂ ಒಳಗೆ, ಹುರುಳಿಯಲ್ಲಿ ಅರ್ಧ ಗ್ರಾಂ ಆಸುಪಾಸು. ಮುದ್ದೆ, ಹುರುಳಿಕಾಳು ಸಾರು, ಸೊಪ್ಪು ಹುಟ್ಟಿನಿಂದಲೇ ಕಡಿಮೆ ಕೊಬ್ಬಿನ ಊಟ. ಕೊಬ್ಬು ಒಳಗೆ ಬರುವುದು ರುಬ್ಬುವ ಕಲ್ಲಿನಲ್ಲಿ ಮತ್ತು ಒಗ್ಗರಣೆ ಸೌಟಿನಲ್ಲಿ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 40 ಗ್ರಾಂ ಕೊಬ್ಬು, ಅಂದರೆ ಎಂಟು ಟೀ ಚಮಚ ಎಣ್ಣೆಯಷ್ಟು. ಅದರಲ್ಲೂ ಬಹುಪಾಲು ಸ್ಯಾಚುರೇಟೆಡ್.

ಎಣ್ಣೆಯ ಲೆಕ್ಕ ಇನ್ನೂ ಸುಲಭ. ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿಯಾಯಿತು ನೋಡಿ. ಐದು ಜನರ ಮನೆಯಲ್ಲಿ 5 ಲೀಟರ್ ಹೋದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ ಎಣ್ಣೆಯೊಂದರಿಂದಲೇ 270 ಕ್ಯಾಲರಿ. ಕಾಯಿ, ಹಾಲು, ಕಡಲೆಕಾಯಿ, ಮದ್ದೂರು ವಡೆ ಇದರ ಮೇಲೆ.

ನಮ್ಮ ಮನೆಯಲ್ಲಿ ಅಜ್ಜಿಗೆ ಮಾರ್ಗರೆಟ್ ಕಥೆ ಹೇಳಿದ ಮೇಲೆ ಎರಡನೇ ಪಾತ್ರೆ ಅಟ್ಟ ಸೇರಿತು. ಬಸ್ಸಾರಿಗೆ ಮಸಾಲೆ ರುಬ್ಬುವಾಗ ಕಾಯಿಯನ್ನು ಅರ್ಧ ಮಾಡಿ, ಆ ಜಾಗಕ್ಕೆ ಬಸಿದಿಟ್ಟ ಕಾಳು, ಸೊಪ್ಪನ್ನೇ ಒಂದು ಹಿಡಿ ಹೆಚ್ಚು ಹಾಕುತ್ತಾರೆ. ಸಾರು ಗಟ್ಟಿಯಾಗುತ್ತದೆ, ಮೊದಲ ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಒಗ್ಗರಣೆಗೆ ಬಾಟಲಿ ಬಗ್ಗಿಸುವುದು ನಿಂತು ಚಮಚ ಬಂದಿದೆ. ಆಲಿವ್ ಎಣ್ಣೆ ಪಟ್ಟಿಯಿಂದ ಹೋಯಿತು, ಕಡಲೆಕಾಯಿ ಎಣ್ಣೆ ಉಳಿಯಿತು. ಭಾನುವಾರದ ಕೋಳಿ ಸಾರಿಗೆ ಚರ್ಮ ತೆಗೆಸುತ್ತೇವೆ, ಆರಿದ ಮೇಲೆ ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದು ಮತ್ತೆ ಕಾಯಿಸುತ್ತೇವೆ. ಉಪ್ಪುಸಾರಿನಲ್ಲಿ ಕೊಬ್ಬು ಹೆಚ್ಚಿಲ್ಲ, ಆದರೆ ಹೆಸರೇ ಹೇಳುವಂತೆ ಉಪ್ಪಿದೆ. ತಾತನಿಗೆ ಬಿಪಿಯೂ ಇರುವುದರಿಂದ ಅದಕ್ಕೆ ಕೈ ಬಿಗಿಯಾಗಿದೆ. ಇದಕ್ಕೆ ಮಾತ್ರ ಮನೆಯಲ್ಲಿ ಇನ್ನೂ ಗೊಣಗಾಟ ಇದೆ.

ಎಲ್ಲರಿಗೂ ಒಂದೇ ಪಾತ್ರೆ ಎಂದರೆ ಎಲ್ಲರಿಗೂ ಒಂದೇ ತಟ್ಟೆ ಎಂದಲ್ಲ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಎರಡು ವರ್ಷದೊಳಗಿನ ಮಕ್ಕಳ ಮಿದುಳು ಬೆಳೆಯಲು ಕೊಬ್ಬು ಬೇಕೇ ಬೇಕು. ಅವಕ್ಕೆ ಕೆನೆ ತೆಗೆದ ಹಾಲು ಕೊಡಬಾರದು, ದೊಡ್ಡವರ ಪಥ್ಯ ಹೇರಬಾರದು. ಮಗುವಿನ ರಾಗಿ ಸರಿಗೆ, ಅನ್ನಕ್ಕೆ ತುಪ್ಪ ಬೀಳುತ್ತದೆ. ಓಡಾಡುವ ಹೈಸ್ಕೂಲು ಹುಡುಗನ ತಟ್ಟೆಗೆ ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಹೆಚ್ಚು. ಗರ್ಭಿಣಿಯರು, ತೂಕ ಇಳಿಯುತ್ತಿರುವ ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಅವರ ಡಾಕ್ಟರನ್ನು ಕೇಳಿಯೇ ಬದಲಾಯಿಸಿ. ಪಾತ್ರೆಯಲ್ಲಿ ಕಡಿಮೆ ಹಾಕಿ, ಬೇಕಾದವರಿಗೆ ತಟ್ಟೆಯಲ್ಲಿ ಮೇಲಿಂದ ಸೇರಿಸುವುದು ಸುಲಭ. ಪಾತ್ರೆಗೆ ಬಿದ್ದ ಎಣ್ಣೆಯನ್ನು ಒಬ್ಬರಿಗಾಗಿ ತೆಗೆಯಲು ಆಗುವುದಿಲ್ಲ.

ತಾತನ ತಟ್ಟೆಯ ಮೇಲೂ ಹಬ್ಬದ ದಿನ ಅರ್ಧ ಚಮಚ ತುಪ್ಪ ಬೀಳುತ್ತದೆ, ಅದನ್ನು ಡಾಕ್ಟರಿಗೆ ಹೇಳಿಯೇ ಇದ್ದೇವೆ. ಮಾತ್ರೆ ಬಿಟ್ಟ ನಾಲ್ಕು ದಿನದ ಸುದ್ದಿಯನ್ನೂ ಮುಚ್ಚಿಡದೆ ಹೇಳಿದೆವು, ಬೈಸಿಕೊಂಡೆವು, ಮಾತ್ರೆ ಮತ್ತೆ ಶುರುವಾಯಿತು. ಮುಂದಿನ ತಿಂಗಳು ತಾತನ ರಕ್ತಪರೀಕ್ಷೆ ಇದೆ. ಫಾರ್ವರ್ಡ್ ಕಳಿಸಿದ ಮಾವನನ್ನೂ ಅದೇ ದಿನ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರಬೇಕೆಂದು ಅಜ್ಜಿಯ ಅಪ್ಪಣೆಯಾಗಿದೆ.